ಬಸ್ಸಮ್ಮನ ಕಂದೂರಿ

ಯುದ್ಧದ ಆ ನಾಲ್ಕು ದಿನ ನಮ್ಮತ್ತೆ ಬಸ್ಸಮ್ಮ ಟಿವಿ ನೋಡಲಿಲ್ಲ. ಅದೊಂದು ದೊಡ್ಡ ಪುಣ್ಯ. ಗಬ್ಬೂರಿನ ಮನೆಯ ಟಿವಿ ಕೆಟ್ಟು ವರ್ಷವಾಗಿತ್ತು, ರಿಪೇರಿಗೆ ಒಯ್ಯಲು ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ನಮ್ಮ ಮನೆತನದ ಆಲಸ್ಯಕ್ಕೆ ನಾನು ಕೈಮುಗಿದದ್ದು ಅದೊಂದೇ ಸಲ.

ನೋಡಿದವಳು ನಾನು. ಮಾನ್ವಿಯಲ್ಲಿ ನಾನು ಸರಕಾರಿ ಶಾಲೆಯ ಶಿಕ್ಷಕಿ. ಬೇಸಿಗೆ ರಜೆಯಿದ್ದರೂ ಅವ್ವನ ಕಾಲುನೋವೆಂದು ಅಲ್ಲೇ ತವರಿನಲ್ಲಿ ಉಳಿದಿದ್ದೆ. ನನ್ನ ಗಂಡ ದುರುಗೇಶ ಸೈನ್ಯದಲ್ಲಿ, ಜಮ್ಮು ಕಡೆ. "ಇನ್ನ ಫೋನ್ ಹತ್ತಂಗಿಲ್ಲ, ಅಂಜಬ್ಯಾಡ" ಎಂದು ಹೇಳಿ ಫೋನು ಬಂದ್ ಮಾಡಿದ್ದ. ಅಂಜಬೇಡ ಎನ್ನುವಷ್ಟು ಅಂಜಿಸುವ ಮಾತು ಇನ್ನೊಂದಿಲ್ಲ. ಟಿವಿಯವರು ಸಂಜೆಗೆ ಮೂರು ಪಟ್ಟಣ ಗೆಲ್ಲುತ್ತಿದ್ದರು, ಬೆಳಿಗ್ಗೆ ಸದ್ದಿಲ್ಲದೆ ವಾಪಸು ಕೊಡುತ್ತಿದ್ದರು. ಕೋಟು ಹಾಕಿದವನೊಬ್ಬ ತಣ್ಣನೆಯ ಕೋಣೆಯಲ್ಲಿ ಕುಳಿತು ಇನ್ನೂ ಹೊಡೆಯಿರಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಹೊಡೆಯಲು ಹೋಗುವವನಿಗೂ ಏಟು ಬೀಳುತ್ತದೆ ಎಂಬುದನ್ನು ಆ ಪುಣ್ಯಾತ್ಮನಿಗೆ ಯಾರೂ ಹೇಳಿದಂತಿರಲಿಲ್ಲ.

ಹೊರಗೆ ಮಾತ್ರ ಮಾನ್ವಿ ಮಾನ್ವಿಯಂತೆಯೇ ಇತ್ತು. ಹಾಲಿನವನು ಬಂದ, ನಳದ ನೀರು ತಪ್ಪಿತು, ಎದುರು ಮನೆಯ ಮದುವೆಗೆ ಹಂದರ ಹಾಕಿದರು. ಶಕ್ತಿನಗರದಲ್ಲಿ ಕರೆಂಟು ತಯಾರಾಗುತ್ತದೆ ಎಂಬ ಕಾರಣಕ್ಕೆ ರಾಯಚೂರಿಗೂ ಸೈರನ್ ತಾಲೀಮು ಬಂತು, ಸೈರನ್ ಕೂಗಿದರೆ ದೀಪ ಆರಿಸಬೇಕೆಂದು ಸುದ್ದಿ ಹಬ್ಬಿತು. ನಮ್ಮವ್ವ ಕೇಳಿ ನಕ್ಕಳು. "ಕರೆಂಟ್ ಹೋಗಾಕ ನಮ್ಮ ಜಿಲ್ಲಾಕ್ಕ ತಾಲೀಮು ಬ್ಯಾರೆ ಬೇಕೇನು?" ಆ ನಾಲ್ಕು ದಿನದಲ್ಲಿ ನಾನು ನಕ್ಕದ್ದು ಅದೊಂದಕ್ಕೆ.

ಬಸ್ಸಮ್ಮ ನನಗೆ ಬರೀ ಅತ್ತೆಯಲ್ಲ, ಅಪ್ಪನ ಒಡಹುಟ್ಟಿದ ಅಕ್ಕ. ನಮ್ಮ ಮೂಲ ಬಾಗಲವಾಡ, ಕಾಲುವೆ ನೀರಿನ ಗದ್ದೆಯ ಊರು. ಅಲ್ಲಿಂದ ಗಬ್ಬೂರಿಗೆ ಸೊಸೆಯಾಗಿ ಹೋದವಳಿಗೆ ರೊಟ್ಟಿ ಎಷ್ಟು ತಿಂದರೂ ಕೊನೆಗೆ ಒಂದು ಹಿಡಿ ಅನ್ನ ಬೇಕು. ಅನ್ನ ಉಣ್ಣದಿದ್ದರೆ ಉಂಡ ಲೆಕ್ಕವಿಲ್ಲ. ಅಂಥವಳು ಯುದ್ಧ ಶುರುವಾದ ಸುದ್ದಿ ಕೇಳಿದ ದಿನವೇ ಊರ ಹೊರಗಿನ ದರ್ಗಾಕ್ಕೆ ಹೋಗಿ ಸಕ್ಕರೆಗೆ ಫಾತೇಹಾ ಓದಿಸಿ ಹರಕೆ ಹೊತ್ತಳು. ಮಗ ತಿರುಗಿ ಬಂದರೆ ಮನೆಯ ಟಗರು ಕೊಯ್ಸಿ ಕಂದೂರಿ ಮಾಡುತ್ತೇನೆ, ಊರಿಗೆ ಉಣಿಸುತ್ತೇನೆ, ಅಲ್ಲಿಯತನಕ ಅನ್ನ ಮುಟ್ಟುವುದಿಲ್ಲ. ಸಕ್ಕರೆ ಓದಿದವರು ಮೌಲಾಹುಸೇನ ಮಾವ. ಗಬ್ಬೂರಿನ ಮುಲ್ಲಾ, ತೀರಿಹೋದ ನಮ್ಮ ಮಾವ ಯಂಕಣ್ಣನವರ ಜೀವದ ಗೆಳೆಯ. ಹೆಂಡತಿ ಇಲ್ಲ, ಒಬ್ಬರೇ ಇದ್ದರು. ದಿನಾ ಸಂಜೆ ನಮ್ಮ ಕಟ್ಟೆಗೆ ಬಂದು ಕುಳಿತು "ಫೋನ್ ಬಂತೇನು ಬಸ್ಸಮ್ಮ?" ಎಂದು ಕೇಳುವುದು, ಇಲ್ಲವೆಂದರೆ ಸುಮ್ಮನೆ ಎದ್ದು ಹೋಗುವುದು.

ಮೂರನೆಯ ಸಂಜೆ ಅವರು ಬರಲಿಲ್ಲ. ನಡೆದದ್ದು ನನಗೆ ಆಮೇಲೆ ತಿಳಿಯಿತು. ದುರುಗೇಶನ ಚಿಗವ್ವನ ಮಗ ಹನುಮೇಶ ಹೋಟೆಲಿನಲ್ಲಿ ಮೊಬೈಲಿನಲ್ಲಿ ಯುದ್ಧದ ಸುದ್ದಿ ಜೋರಾಗಿ ಹಚ್ಚಿಕೊಂಡು ಕುಳಿತಿದ್ದ. ಚಹಾ ಕುಡಿಯುತ್ತಿದ್ದ ಮೌಲಾಹುಸೇನ ಮಾವನ ಕಡೆ ತಿರುಗಿ, ಹತ್ತು ಜನರ ಮುಂದೆ, "ಮುಲ್ಲಾಸಾಬ, ಖರೇ ಹೇಳು, ನೀ ಯಾರ ಕಡಿ?" ಎಂದ. ಮಾವ ಅರ್ಧ ಚಹಾ ಅಲ್ಲೇ ಬಿಟ್ಟು ಎದ್ದರು, ಮರುದಿನ ಬೆಳಿಗ್ಗೆ ಮನೆಗೆ ಬೀಗ ಹಾಕಿ ರಾಯಚೂರಿನ ಮಗಳ ಮನೆಗೆ ಹೊರಟುಹೋದರು. ಅದೇ ದಿನ ಸಂಜೆ ಯುದ್ಧ ನಿಂತಿತು.

ದುರುಗೇಶನ ಫೋನು ಬಂದಾಗ ನಾನು ಏನು ಮಾತಾಡಿದೆನೋ ನೆನಪಿಲ್ಲ. "ಉಂಡಿಯೇನು?" ಎಂದು ಕೇಳಿದೆನಂತೆ, ಎರಡೆರಡು ಸಲ. ದೇವರೇ, ಈ ಲೋಕದಲ್ಲಿ ಎಷ್ಟು ಜನ ಹೆಂಗಸರಿಗೆ ಆ ಪ್ರಶ್ನೆ ಕೇಳುವ ಭಾಗ್ಯ ಸಿಗಲಿಲ್ಲವೋ. ನನಗೆ ಸಿಕ್ಕಿತು. ಯಾರಿಗೆ ಋಣಿಯಾಗಬೇಕೆಂದು ತಿಳಿಯದೆ ಅಂದು ಹಾಲಿನವನಿಗೂ ಕೈಮುಗಿದೆ.

ಜೂನ್ ಕೊನೆಗೆ ಅವನು ರಜೆಯ ಮೇಲೆ ಬಂದ. ಸ್ವಲ್ಪ ಕಪ್ಪಾಗಿದ್ದ, ಬಾಗಿಲು ಧಡ್ ಎಂದರೆ ತಿರುಗಿ ನೋಡುತ್ತಿದ್ದ, ಉಳಿದಂತೆ ಅವನೇ. ನಾನೂ ಶಾಲೆಗೆ ರಜೆ ಹಾಕಿ ಕಲ್ಮಲಾ ಕ್ರಾಸಿನಲ್ಲಿ ಬಸ್ಸು ಬದಲಿಸಿ ಗಬ್ಬೂರಿಗೆ ಬಂದೆ. ಬಂದು ನೋಡಿದರೆ ಬಸ್ಸಮ್ಮ ಸೊರಗಿ ಅರ್ಧವಾಗಿದ್ದಳು. ಮಗ ಬಂದರೂ ಅನ್ನ ಮುಟ್ಟಿರಲಿಲ್ಲ. ಕಂದೂರಿ ಆಗದೆ ಹರಕೆ ತೀರುವುದಿಲ್ಲ, ಮುಲ್ಲಾ ಇಲ್ಲದೆ ಕಂದೂರಿ ಇಲ್ಲ.

ಇದು ನಮ್ಮ ಕಡೆಯವರಲ್ಲದವರಿಗೆ ವಿಚಿತ್ರವೆನಿಸಬಹುದು. ಗಬ್ಬೂರಿನಲ್ಲಿ ಮುಲ್ಲಾ ಕೊಯ್ಯದ ಕುರಿಯನ್ನು ಯಾರೂ ಉಣ್ಣುವುದಿಲ್ಲ. ಸಾಬರ ಮನೆಯಲ್ಲಷ್ಟೇ ಅಲ್ಲ, ನಮ್ಮ ಮನೆಯಲ್ಲೂ. ದೇವಿಗೆ ಬಿಟ್ಟ ಕುರಿಯಾದರೂ ಅವರೇ ಬಂದು ಬಾಯಲ್ಲಿ ಮಂತ್ರ ಅಂದು ಕತ್ತಿ ಆಡಿಸಬೇಕು, ಆಮೇಲೆ ಅದು ಉಣ್ಣುವ ವಸ್ತು. ಯಾಕೆ ಎಂದು ಕೇಳಿದರೆ ಉತ್ತರ ಗೊತ್ತಿದ್ದವರು ಯಾರೂ ಇಲ್ಲ, ಕೇಳಿದವರೂ ಇರಲಿಲ್ಲ.

ಕೇಳಿದವನು ಹನುಮೇಶ ಒಬ್ಬನೇ. ಮುಲ್ಲಾ ಊರು ಬಿಟ್ಟ ಮೇಲೆ "ಕತ್ತಿ ಎಲ್ಲಾರ ಮನ್ಯಾಗೂ ಅದ, ನಾನೇ ಕೊಯ್ತೀನಿ" ಎಂದು ಒಂದು ಭಾನುವಾರ ಹುಂಜ ಕೊಯ್ದು ಅವ್ವನ ಮುಂದೆ ಇಟ್ಟನಂತೆ. ಅವನವ್ವ ಮಾತಾಡದೆ ಖಾರ ಅರೆದು, ಮಸಾಲೆ ಹಾಕಿ, ಬೇಯಿಸಿ ಬಡಿಸಿದಳು. ತಾನು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಉಂಡಳು. ಹೆಂಡತಿಯೂ ಹಿಂಡಿ, ಮಕ್ಕಳೂ ಹಿಂಡಿ. ಇವನು ಎರಡು ತುತ್ತು ಬಾಯಿಗಿಟ್ಟು, ನುಂಗಲಾರದೆ ಉಗುಳಲಾರದೆ, ಎದ್ದು ಹೊರಗೆ ಹೋದ. ಸಾರೆಲ್ಲ ಓಣಿಯ ನಾಯಿಗೆ. ಬುದ್ಧಿ ಎಷ್ಟು ಹೇಳಿದರೂ ನಾಲಿಗೆ ತನ್ನ ಊರನ್ನು ಬಿಡುವುದಿಲ್ಲ ನೋಡಿ. ಈ ಕತೆ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅವನ ಮೇಲೆ ನನಗೆ ಬೆಂಕಿಯಂಥ ಸಿಟ್ಟಿತ್ತು.

"ಬ್ಯಾರೆ ಊರ ಮುಲ್ಲಾನ್ನ ಕರಸೂಣು ಬಿಡತ್ತಿ. ದೇವದುರ್ಗದಾಗ ಎಷ್ಟು ಮಂದಿ ಇಲ್ಲ?" ಎಂದೆ ನಾನು.

"ಮಲ್ಲೇಶಿ, ನೀ ಸಾಲಿ ಕಲತೀಯೋ ಬರೀ ಪಗಾರ ಎಣಸೂದು ಕಲತೀಯೋ?" ಎಂದಳು ಬಸ್ಸಮ್ಮ. "ಹರಕಿ ಹೊರೂಮುಂದ ನನ್ನ ಮಗ್ಗಲದಾಗ ಕುಂತು ಕಣ್ಣೀರು ಹಾಕಿದವ ಮೌಲಣ್ಣ. ಕೊಯ್ಯಾವ ಬ್ಯಾರೆಯವ ಆಗತಾನೇನು?"

ದುರುಗೇಶ ತಾನೇ ಹೋಗಿ ಕರೆತರುತ್ತೇನೆಂದ. ಅದಕ್ಕೂ ಅವಳು ಒಪ್ಪಲಿಲ್ಲ. "ನೀ ಹೋದ್ರ ಫೌಜಿನಾಂವ ಕರದಂಗ ಆಗತದ. ಮೊದಲೇ ಮಂದಿ ಯಾರ ಕಡಿ ಅಂತ ಕೇಳ್ಯಾರ. ಅಂಜಿ ಬಂದ್ರು ಅನ್ನಬಾರದು. ನಾ ಕರದ್ರ ಬರಬೇಕು." ದುರುಗೇಶನ ರಜೆ ಆಗಲೇ ಅರ್ಧ ಕಳೆದಿತ್ತು. ಅವನು ಹೊರಡುವುದರೊಳಗೆ ಕಂದೂರಿ ಆಗದಿದ್ದರೆ ಈ ಹೆಂಗಸು ಮತ್ತೊಂದು ರಜೆಯತನಕ ಅನ್ನ ಬಿಟ್ಟು ಕೂರುವವಳೇ. ನನಗೆ ಅದೇ ಚಿಂತೆ.

ಗುರುವಾರ ಬಸ್ಸಮ್ಮ, ನಾನು ಇಬ್ಬರೂ ರಾಯಚೂರಿನ ಬಸ್ಸು ಹತ್ತಿದೆವು. ಮರುದಿನವೇ ಕಂದೂರಿ ಎಂದು ಊರಿಗೆಲ್ಲ ಹೇಳಿಯೇ ಹೊರಟಿದ್ದಳು ಬಸ್ಸಮ್ಮ. ಅಡಿಗೆಯವನಿಗೆ ಹೇಳಿಯಾಗಿತ್ತು, ಅಕ್ಕಿ ಬಂದಿತ್ತು, ಮುಲ್ಲಾ ಒಬ್ಬರನ್ನು ಬಿಟ್ಟು ಎಲ್ಲ ತಯಾರಿತ್ತು. ತೀನ್ ಕಂದಿಲ್ ಹತ್ತಿರ ಆಟೊ ಇಳಿದು ಕೋಟೆಯೊಳಗಿನ ಅಂದ್ರೂನ್ ಕಿಲ್ಲಾದ ಸಂದಿಗಳಲ್ಲಿ ಕೇಳುತ್ತ ಕೇಳುತ್ತ ಹೋದೆವು. ಮಾವನ ಮಗಳು ಹುಮೇರಾ ಬಾಗಿಲು ತೆರೆದು, ನಮ್ಮನ್ನು ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಒಳಗೆ ತಿರುಗಿ "ಅಬ್ಬಾ, ಬಸ್ಸಮ್ಮತ್ತಿ ಬಂದಾಳ" ಎಂದು ಕನ್ನಡದಲ್ಲೇ ಕೂಗಿದಳು.

ಮೌಲಾಹುಸೇನ ಮಾವ ಮಂಚದಿಂದ ಎದ್ದು ಕುಳಿತರು. ಅವರೂ ಇಳಿದಿದ್ದರು. ಕೆನ್ನೆ ಒಳಗೆ ಹೋಗಿತ್ತು. ಬಸ್ಸಮ್ಮ ಸುತ್ತು ಬಳಸು ಮಾಡದೆ, ನೆಲಕ್ಕೆ ಕುಳಿತವಳೇ, "ನಾಳಿಗಿ ಕಂದೂರಿ ಅದ. ಬಾ" ಎಂದಳು.

"ಕೈ ನಡಗತಾವು ಬಸ್ಸಮ್ಮ. ವಯಸ್ಸಾತು. ಬ್ಯಾರೆ ಯಾರನ್ನರ ಕರಕೋರಿ."

"ನಿನ್ನ ಕೈ ಹೋದ ವರ್ಷಾನೂ ನಡಗತಿತ್ತು. ಕುರಿ ಏನೂ ತಕರಾರು ಮಾಡಿದ್ದಿಲ್ಲ."

ಹುಮೇರಾ ಬಾಯಿಗೆ ಸೆರಗು ಒತ್ತಿಕೊಂಡಳು. ಮಾವ ನಗಲಿಲ್ಲ. ಹೋಟೆಲಿನ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅದು ಕೋಣೆಯ ನಡುವೆಯೇ ಕುಳಿತಿತ್ತು, ಎಲ್ಲರೂ ಅದನ್ನು ದಾಟಿ ಮಾತಾಡುತ್ತಿದ್ದೆವು.

ಮಧ್ಯಾಹ್ನವಾಗಿತ್ತು. ಹುಮೇರಾ ನೆಲಕ್ಕೆ ಊಟದ ದಸ್ತರ್‌ಖಾನ್ ಹಾಸಿ, ಬಿಸಿ ಅನ್ನ, ದಾಲ್ಚಾ ಸಾರು ತಂದಿಟ್ಟಳು. ನಾನು ತಾಟು ಎಳೆದುಕೊಂಡೆ. ಬಸ್ಸಮ್ಮ ತಾಟನ್ನು ಮೆಲ್ಲಗೆ ಆಚೆ ಸರಿಸಿದಳು.

"ಯಾಕತ್ತಿ, ನಮ್ಮ ಮನಿ ಊಟ ಬ್ಯಾಡೇನು?" ಎಂದಳು ಹುಮೇರಾ. ಅವಳ ಮುಖ ಸಣ್ಣಗಾಯಿತು. ಆ ತಿಂಗಳುಗಳಲ್ಲಿ ಅಂಥ ಪ್ರಶ್ನೆಗೆ ಬೇರೆಯೇ ಭಾರವಿತ್ತು.

"ಹಂಗಲ್ಲಬೇ ತಂಗಿ. ರೊಟ್ಟಿ ಇದ್ರ ಕೊಡು. ಕಂದೂರಿ ಆಗೂತನಕ ಅನ್ನ ಬಿಟ್ಟೀನಿ."

"ಇನ್ನೂ ಹಿಡದಿಲ್ಲೇನು ಅನ್ನ? ದುರುಗೇಶ ಬಂದು ಎಷ್ಟ ದಿನಾತು?" ಎಂದರು ಮಾವ. ಅವರ ದನಿ ಬದಲಾಗಿತ್ತು.

"ಬಂದ್ರೇನಾತು. ನೀ ಕೊಯ್ದಿಲ್ಲಲ್ಲ."

ಮಾವ ಗೋಡೆಯ ಕಡೆ ನೋಡಿದರು. ಹುಮೇರಾ ಒಳಗಿನಿಂದ ರೊಟ್ಟಿ ತಂದಳು. ಅಪ್ಪನ ಮುಂದೆ ತಾಟು ಇಡಲಿಲ್ಲ. ನಾನು ಮರ್ಯಾದೆಗೆ "ಮಾವಾ, ನೀವೂ ಕುಂದರ್ರಿ" ಎಂದೆ. ಅವರು ತಲೆ ಅಲ್ಲಾಡಿಸಿದರು.

"ರೋಜಾ ಅದಾರ" ಎಂದಳು ಹುಮೇರಾ.

"ರಮಜಾನ್ ಹೋಗಿ ಎಷ್ಟು ದಿನಾತು, ಈಗೆಂಥಾ ರೋಜಾ?"

ಅವಳು ಅಪ್ಪನನ್ನು ನೋಡಿದಳು, ಹೇಳಬಾರದು ಎಂಬಂತೆ ಅವರು ಕೈ ಮಾಡಿದರು. ಮಗಳು ಕೇಳಲಿಲ್ಲ. "ಸೋಮವಾರ, ಗುರುವಾರ ಹಿಡಿತಾರ. ಯುದ್ಧ ಶುರುವಾದಾಗಿಂದ. ದುರುಗೇಶಣ್ಣನ ಮಾರಿ ಕಣ್ಣಲೆ ನೋಡೂತನಕ ಬಿಡಂಗಿಲ್ಲಂತ. ಡಾಕ್ಟರು ಬೈದ್ರೂ ಬಿಟ್ಟಿಲ್ಲ. ಈ ವಯಸ್ಸಿನಾಗ, ಈ ಬಿಸಲಾಗ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ನನ್ನ ಗಂಡನ ಹೆಸರಲ್ಲಿ ಇಬ್ಬರು ಮುದುಕರು, ಒಬ್ಬರು ಇನ್ನೂ ಹಸಿದಿರುವುದು ಇನ್ನೊಬ್ಬರಿಗೆ ತಿಳಿಯದೆ, ಒಬ್ಬಳು ಗಬ್ಬೂರಿನಲ್ಲಿ ಒಬ್ಬರು ರಾಯಚೂರಿನಲ್ಲಿ ಹಸಿದು ಕುಳಿತಿದ್ದರು. ಅವನನ್ನು ಕಾಯ್ದದ್ದು ಯಾವ ಬಂದೂಕೋ ಯಾವ ಕಬ್ಬಿಣದ ಟೋಪಿಯೋ, ನನಗೆ ಗೊತ್ತಿಲ್ಲ. ಅವಕ್ಕೆಲ್ಲ ನನ್ನ ನಮಸ್ಕಾರವಿರಲಿ. ಆದರೆ ಆ ಕೋಣೆಯಲ್ಲಿ ನಾನು ಮನಸ್ಸಿನಲ್ಲೇ ಕಾಲಿಗೆ ಬಿದ್ದದ್ದು ಈ ಇಬ್ಬರಿಗೆ.

ನಾನು ಕಲಿತ ಹೆಂಗಸು, ಉಪಾಯವೂ ತಕ್ಷಣ ಹೊಳೆಯಿತು. ಎಡಗೈಯಲ್ಲಿ ಮೊಬೈಲು ತೆಗೆದು, "ಮಾವಾ, ಈಗೇ ವೀಡಿಯೊ ಕಾಲ್ ಹಚ್ಚತೀನಿ, ಮಾರಿ ನೋಡಿಬಿಡ್ರಿ, ರೋಜಾ ಇವತ್ತಿಗೇ ಮುಗೀತದ" ಎಂದೆ. ಮಾವನ ಕಣ್ಣು ಆಸೆಯಿಂದ ಮೊಬೈಲಿನ ಕಡೆ ಬಂದವು. ಬಸ್ಸಮ್ಮ ರೊಟ್ಟಿಯ ಕೈಯಲ್ಲೇ ಅದನ್ನು ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ತೋರಸಂಗಿಲ್ಲ" ಎಂದಳು. "ಮೌಲಣ್ಣ, ಕೇಳಿಲ್ಲಿ. ನನ್ನ ಮಗನ ಮಾರಿ ಗಬ್ಬೂರಾಗ ಅದ. ನೋಡಬೇಕಾದ್ರ ಅಲ್ಲಿಗೇ ಬಾ. ಇಲ್ಲಂದ್ರ ನೀನೂ ಹಸದಿರು, ನಾನೂ ಹಸದಿರತೀನಿ. ಯಾರು ಮೊದಲ ಹೋಗತೀವೋ ನೋಡೇ ಬಿಡೂಣು."

"ಆ ಹೋಟೆಲ್ ಮುಂದಿಂದ ಹಾದು ಬರಬೇಕಲ್ಲ ಬಸ್ಸಮ್ಮ" ಎಂದರು ಮಾವ. ಅಷ್ಟು ಹೊತ್ತಿನಲ್ಲಿ ಆ ಸುದ್ದಿಗೆ ಅವರು ಕೈ ಹಚ್ಚಿದ್ದು ಅದೊಂದೇ ಸಲ. "ಹುಟ್ಟಿದ ಊರಾಗ ಯಾರ ಕಡಿ ಅಂತ ಕೇಳಿಸಿಕೊಂಡು, ಯಾವ ಮಾರಿ ಹೊತ್ತು ಬರಲಿ?"

ಬಸ್ಸಮ್ಮ ರೊಟ್ಟಿಯನ್ನು ಮುಗಿಸಿದಳು, ನೀರು ಕುಡಿದಳು, ಎದ್ದು ಹುಮೇರಾಳ ತಲೆ ಸವರಿದಳು. ಬಾಗಿಲಲ್ಲಿ ನಿಂತು, "ಟಗರು ಕಟ್ಟಿಸಿರತೀನಿ" ಎಂದಷ್ಟೇ ಹೇಳಿ ಹೊರಗೆ ನಡೆದಳು.

ಶುಕ್ರವಾರ ಬೆಳಿಗ್ಗೆ ದರ್ಗಾದ ಬೇವಿನ ಗಿಡದ ಕೆಳಗೆ ಒಲೆ ಹೂಡಿದರು. ಟಗರಿಗೆ ಅರಿಷಿಣ ಹಚ್ಚಿ ಹೂವು ಕಟ್ಟಿದರು. ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತೆ. ರಾಯಚೂರಿನ ಮೊದಲ ಬಸ್ಸಿನಿಂದ ಶಾಲೆಯ ಮಕ್ಕಳು ಇಳಿದರು. ಎರಡನೆಯದು ನಿಲ್ಲಲೇ ಇಲ್ಲ. ಅಡಿಗೆಯವನು ಎರಡು ಸಲ ಹೇಳಿ ಕಳಿಸಿದ, ಒಲೆ ಹಚ್ಚಲೋ ಬೇಡವೋ ಎಂದು. ಹಚ್ಚು ಎಂದು ಹೇಳಿ ಕಳಿಸಿದೆ. ಧೈರ್ಯದಿಂದಲ್ಲ, ಸಿಟ್ಟಿನಿಂದ.

ಮೂರನೆಯ ಬಸ್ಸಿನಿಂದ ಮೌಲಾಹುಸೇನ ಮಾವ ಇಳಿದರು. ಒಗೆದ ಬಿಳಿ ಜುಬ್ಬಾ, ಕಂಕುಳಲ್ಲಿ ಬಟ್ಟೆ ಸುತ್ತಿದ ಕತ್ತಿ. ನನಗೆ ಅಳು ಬಂತು, ಬೀದಿಯಲ್ಲೇ ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ. "ಎಲ್ಲದಾನಬೇ ಅವ?" ಎಂದರು. ಹೋಟೆಲಿನ ಮುಂದೆ ಹಾಯುವಾಗ ಅವರ ಹೆಜ್ಜೆ ನಿಧಾನವಾಯಿತು. ಬೆಂಚಿನ ಮೇಲಿದ್ದವರು ಒಬ್ಬೊಬ್ಬರೇ ಎದ್ದು ನಿಂತರು. ಮಾವ ಎದೆಯ ಮೇಲೆ ಕೈಯಿಟ್ಟು ಸಲಾಂ ಮಾಡಿ ಮುಂದೆ ನಡೆದರು.

ಬೇವಿನ ಗಿಡದ ಹತ್ತಿರ ದುರುಗೇಶ ಓಡಿ ಬಂದು ಕಾಲು ಮುಟ್ಟಲು ಬಗ್ಗಿದ. ಮಾವ ಬಿಡಲಿಲ್ಲ. ಎರಡೂ ಕೈಯಲ್ಲಿ ಅವನ ಮುಖ ಹಿಡಿದು ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ಯುದ್ಧಕ್ಕೆ ಹೋಗಿ ಬಂದ ನನ್ನ ಗಂಡ ಮಕ್ಕಳ ಹಾಗೆ ತುಟಿ ಕಚ್ಚಿಕೊಂಡ. ಬಸ್ಸಮ್ಮ ದೂರ ನಿಂತು, "ಸಾಕು ಬಿಡು, ದೃಷ್ಟಿ ಆಗತದ" ಎಂದಳು.

ಟಗರಿಗೆ ನೀರು ಕುಡಿಸಿ ಮಲಗಿಸುವಾಗ ಕಾಲು ಹಿಡಿಯಲು ದುರುಗೇಶ ಮುಂದಾದ. "ನಿನ್ನ ಹೆಸರಿನ ಹರಕಿ, ನೀ ಹಿಡಿಬಾರದು. ತಮ್ಮ ಎಲ್ಲಿ?" ಎಂದರು ಮಾವ. ಗಿಡದ ಹಿಂದೆ ನಿಂತಿದ್ದ ಹನುಮೇಶ ಬಂದ. ತಲೆ ಎತ್ತದೆ ಕುಳಿತು ಟಗರಿನ ಕಾಲು ಹಿಡಿದ. ಮಾವನ ಕೈ ನಡುಗಲಿಲ್ಲ.

ಅಡಿಗೆಯಾದ ಮೇಲೆ ಮೊದಲ ತಾಟನ್ನು ದರ್ಗಾದ ಮುಂದೆ ಇಟ್ಟು ಫಾತೇಹಾ ಓದಬೇಕು. ಮನೆಯವರು ಹೆಸರು ಹೇಳಬೇಕು, ಮುಲ್ಲಾ ಆ ಹೆಸರು ತೆಗೆದುಕೊಂಡು ಬೇಡಿಕೊಳ್ಳಬೇಕು. ಬಸ್ಸಮ್ಮ ಹೇಳಿದಳು, ಯಂಕಣ್ಣ, ದುರುಗೇಶ, ಮಲ್ಲೇಶ್ವರಿ. ಲೋಬಾನದ ಹೊಗೆಯಲ್ಲಿ ಮಾವ ಕಣ್ಣು ಮುಚ್ಚಿ ಓದಿದರು. ಯಂಕಣ್ಣ ಎಂದರು, ದುರುಗೇಶ, ಮಲ್ಲೇಶ್ವರಿ, ಬಸ್ಸಮ್ಮ. ಆಮೇಲೆ, ಯಾರೂ ಹೇಳದೆ, "ಹನುಮೇಶ" ಎಂದರು. "ಹನುಮೇಶನ ಮಕ್ಕಳು" ಎಂದರು.

ಎಲ್ಲರಿಗಿಂತ ಹಿಂದೆ ಕುಳಿತಿದ್ದ ಹನುಮೇಶ ಹೆಗಲ ಮೇಲಿನ ಟವೆಲ್ಲು ಮುಖಕ್ಕೆ ಒತ್ತಿಕೊಂಡ. ಭುಜ ಅಲುಗುತ್ತಿದ್ದವು. ಅವನವ್ವ ಅವನ ಬೆನ್ನ ಮೇಲೆ ಕೈಯಿಟ್ಟಳು.

ಪಂಕ್ತಿಗೆ ಪತ್ರಾಳಿ ಹಾಕಿದರು. ಮೊದಲ ಅನ್ನ ಮುಲ್ಲಾನಿಗೆ ಎಂದು ಬುಟ್ಟಿ ಹಿಡಿದು ಹೋದರೆ, ಮಾವ ಎಲೆಗೆ ಕೈ ಅಡ್ಡ ಇಟ್ಟು ಬಸ್ಸಮ್ಮನನ್ನು ತೋರಿಸಿದರು. ಅವಳಿಗೆ ಬಡಿಸಿದೆ. ಸಾರು ಬರುವತನಕವೂ ಕಾಯದೆ ಒಂದು ತುತ್ತು ಬರೀ ಅನ್ನ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಮಾವನಿಗೆ ಬಡಿಸುತ್ತ, ನನ್ನೊಳಗಿನ ಸಿಟ್ಟು ಸುಮ್ಮನಿರಗೊಡಲಿಲ್ಲ, ಬಗ್ಗಿ ಮೆಲ್ಲಗೆ ಕೇಳಿಯೇಬಿಟ್ಟೆ.

"ಅಷ್ಟು ಮಂದಿ ಮುಂದ ಅಂದವನ ಹೆಸರು ಯಾಕ ತಗೊಂಡ್ರಿ ಮಾವಾ?"

ಅವರು ಅನ್ನ ಕಲಸುತ್ತಲೇ ಹೇಳಿದರು.

"ಆ ನಾಕು ದಿನ ಅವಗೂ ಭಾಳ ಅಂಜಿಕಿ ಆಗಿತ್ತವ್ವಾ. ಅವನ ಅಣ್ಣ ಅಲ್ಲಿದ್ನಲ್ಲ."

ನಾನು ಬಗ್ಗಿದವಳು ಬಗ್ಗಿದಂತೆಯೇ ನಿಂತೆ. ಎರಡು ತಿಂಗಳು ಅವನನ್ನು ಬೈದುಕೊಂಡಿದ್ದೆ, ಇದೊಂದು ನನಗೆ ಹೊಳೆದಿರಲಿಲ್ಲ. ಆಮೇಲೆ ಬುಟ್ಟಿ ಎತ್ತಿಕೊಂಡು, ನಡುವಿನ ಎಲೆಗಳನ್ನೆಲ್ಲ ಬಿಟ್ಟು, ಹನುಮೇಶನ ಎಲೆಗೆ ಅನ್ನ ಬಡಿಸಲು ಹೋದೆ.